ಮೊನಾಡ್‌ನಾಕ್ ಕಟ್ಟಡ

ಈ ಲೇಖನವು ಶಿಕಾಗೊ ನಗರದ ಕಟ್ಟಡವನ್ನು ಕುರಿತದ್ದು. ಇದೇ ಹೆಸರಿನ ಇನ್ನೊಂದು ವಾಣಿಜ್ಯ ಕಟ್ಟಡವು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿದೆ.

ಮೊನಾಡ್‌ನಾಕ್ ಕಟ್ಟಡವು ಅಮೆರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯದ ಶಿಕಾಗೊ ನಗರದಲ್ಲಿರುವ ಐತಿಹಾಸಿಕ ವಾಣಿಜ್ಯ ಕಟ್ಟಡವಾಗಿದೆ. ನಗರದ ಹಳೆಯ ವ್ಯಾಪಾರ ಕೇಂದ್ರವಾದ ‘ಲೂಪ್’ ಪ್ರದೇಶದಲ್ಲಿ, ಜಾಕ್ಸನ್ ಮತ್ತು ಡಿಯರ್‌ಬಾರ್ನ್ ಬೀದಿಗಳು ಕೂಡುವೆಡೆಯಲ್ಲಿ ಇದು ನಿಂತಿದೆ. ಇದರ ಉತ್ತರ ಭಾಗವನ್ನು ಬರ್ನ್‌ಹ್ಯಾಮ್ ಮತ್ತು ರೂಟ್ ಸಂಸ್ಥೆಯು ವಿನ್ಯಾಸಗೊಳಿಸಿತು. ಅದು 1891ರಲ್ಲಿ ಪೂರ್ಣಗೊಂಡಿತು. ದಕ್ಷಿಣ ಭಾಗವನ್ನು ಹೊಲಾಬರ್ಡ್ ಮತ್ತು ರೋಶ್ ಸಂಸ್ಥೆಯು ವಿನ್ಯಾಸಗೊಳಿಸಿತು. ಅದು 1893ರಲ್ಲಿ ಪೂರ್ಣಗೊಂಡಿತು.

ಹೊರನೋಟಕ್ಕೆ ಒಂದೇ ಕಟ್ಟಡದಂತೆ ಕಾಣುವ ಇದರ ಎರಡು ಭಾಗಗಳು ಎರಡು ಬೇರೆ ಬೇರೆ ನಿರ್ಮಾಣ ಪದ್ಧತಿಗಳಿಗೆ ಸೇರಿವೆ. ಉತ್ತರ ಭಾಗದ ಹೊರಗೋಡೆಗಳು ತಮ್ಮ ಭಾರವನ್ನು ತಾವೇ ಹೊತ್ತು ನಿಂತಿರುವ ಇಟ್ಟಿಗೆಯ ಗೋಡೆಗಳು, ನೆಲಮಟ್ಟದಲ್ಲಿ ಇವುಗಳ ದಪ್ಪ 6 ಅಡಿ (1.8 ಮೀಟರ್). ದಕ್ಷಿಣ ಭಾಗವು ಉಕ್ಕಿನ ಹಂದರದ ಮೇಲೆ ನಿಂತಿದ್ದು, ಅದರ ಗೋಡೆಗಳು ಕೇವಲ ಹೊದಿಕೆಯಂತಿವೆ. ಸಾವಿರಾರು ವರ್ಷ ನಡೆದುಬಂದ ಕಟ್ಟುವ ಕ್ರಮವೊಂದು ತನ್ನ ಮಿತಿಯನ್ನು ಮುಟ್ಟಿದುದನ್ನೂ, ಅದರ ಸ್ಥಾನಕ್ಕೆ ಹೊಸದೊಂದು ಕ್ರಮವು ಬಂದುದನ್ನೂ ಒಂದೇ ಸೂರಿನಡಿಯಲ್ಲಿ ತೋರಿಸುವ ಕಟ್ಟಡವೆಂಬುದು ಮೊನಾಡ್‌ನಾಕ್‌ನ ವಿಶೇಷ.

ಸಂಕ್ಷಿಪ್ತ ಮಾಹಿತಿ

ಸ್ಥಳ: 53, ಪಶ್ಚಿಮ ಜಾಕ್ಸನ್ ಬುಲವಾರ್ಡ್, ಶಿಕಾಗೊ
ಬಳಕೆ: ಕಚೇರಿಗಳು ಮತ್ತು ಅಂಗಡಿಗಳು
ಉತ್ತರ ಭಾಗ: 16 ಅಂತಸ್ತು, ನಿರ್ಮಾಣ 1889–1891
ದಕ್ಷಿಣ ಭಾಗ: 17 ಅಂತಸ್ತು, ನಿರ್ಮಾಣ 1891–1893
ವಾಸ್ತುಶಿಲ್ಪಿಗಳು: ಬರ್ನ್‌ಹ್ಯಾಮ್ ಮತ್ತು ರೂಟ್ (ಉತ್ತರ), ಹೊಲಾಬರ್ಡ್ ಮತ್ತು ರೋಶ್ (ದಕ್ಷಿಣ)
ಮೂಲ ಮಾಲೀಕರು: ಬಾಸ್ಟನ್‌ನ ಪೀಟರ್ ಬ್ರೂಕ್ಸ್ ಮತ್ತು ಶೆಪರ್ಡ್ ಬ್ರೂಕ್ಸ್
ಶೈಲಿ: ಶಿಕಾಗೊ ಪಂಥ

ಹೆಸರಿನ ಮೂಲ

ಮೊನಾಡ್‌ನಾಕ್ ಎಂಬುದು ಅಮೆರಿಕದ ಈಶಾನ್ಯ ಭಾಗದಲ್ಲಿರುವ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಬೆಟ್ಟದ ಹೆಸರು. ಈ ಪದವು ಅಲ್ಲಿನ ಮೂಲನಿವಾಸಿಗಳಾದ ಅಬೆನಾಕಿ ಜನರ ಭಾಷೆಯಿಂದ ಬಂದಿದೆ. ಸುತ್ತಲಿನ ನೆಲವೆಲ್ಲ ಸವೆದು ಸಮತಟ್ಟಾದ ಮೇಲೂ ಸವೆಯದೆ ಒಂಟಿಯಾಗಿ ಉಳಿದ ಬೆಟ್ಟವನ್ನು ಭೂಗೋಳಶಾಸ್ತ್ರದಲ್ಲಿ ‘ಮೊನಾಡ್‌ನಾಕ್’ ಎಂದೇ ಕರೆಯುತ್ತಾರೆ. ಭೂಗೋಳದ ವಿದ್ಯಾರ್ಥಿಗಳಿಗೆ ಪರಿಚಿತವಾದ ಈ ಪಾರಿಭಾಷಿಕ ಪದಕ್ಕೂ ಕಟ್ಟಡದ ಹೆಸರಿಗೂ ಆಧಾರ ಅದೇ ಬೆಟ್ಟ.

ಇಡೀ ಕಟ್ಟಡವನ್ನು ಮೊದಲಿಗೆ ನಾಲ್ಕು ಘಟಕಗಳಾಗಿ ಗುರುತಿಸಿ, ಪ್ರತಿಯೊಂದಕ್ಕೂ ನ್ಯೂ ಇಂಗ್ಲೆಂಡ್ ಪ್ರಾಂತದ ಒಂದೊಂದು ಬೆಟ್ಟದ ಹೆಸರನ್ನು ಇಡಲಾಗಿತ್ತು. ಉತ್ತರ ಭಾಗದ ಎರಡು ಘಟಕಗಳು ಮೊನಾಡ್‌ನಾಕ್ ಮತ್ತು ಕಿಯರ್‌ಸಾರ್ಜ್. ದಕ್ಷಿಣ ಭಾಗದವು ಕಟಾಡಿನ್ ಮತ್ತು ವಾಚೂಸೆಟ್. ಕಾಲಕ್ರಮೇಣ ಮೊದಲನೆಯ ಹೆಸರೇ ಇಡೀ ಕಟ್ಟಡಕ್ಕೆ ನಿಂತಿತು. ಮಾಲೀಕರು ನ್ಯೂ ಇಂಗ್ಲೆಂಡಿನವರಾಗಿದ್ದುದು ಈ ಹೆಸರುಗಳ ಆಯ್ಕೆಗೆ ಕಾರಣ.

ಹಿನ್ನೆಲೆ

1871ರ ಅಕ್ಟೋಬರ್ ತಿಂಗಳಿನಲ್ಲಿ ಶಿಕಾಗೊ ನಗರದಲ್ಲಿ ಸಂಭವಿಸಿದ ಮಹಾ ಅಗ್ನಿ ದುರಂತವು ನಗರದ ಹೃದಯಭಾಗವನ್ನು ಬೂದಿ ಮಾಡಿತು. ಸುಮಾರು 300 ಮಂದಿ ಪ್ರಾಣ ಕಳೆದುಕೊಂಡರು. ಸುಮಾರು 1 ಲಕ್ಷ ಜನ ಮನೆ ಕಳೆದುಕೊಂಡರು. ಆಗ ನಗರದ ಒಟ್ಟು ಜನಸಂಖ್ಯೆಯೇ ಸುಮಾರು 3 ಲಕ್ಷವಾಗಿತ್ತು. ಆದರೆ ರೈಲುಮಾರ್ಗಗಳ ಸಂಗಮಸ್ಥಾನವೂ, ಧಾನ್ಯ, ಮರ ಮತ್ತು ಜಾನುವಾರು ವ್ಯಾಪಾರದ ಕೇಂದ್ರವೂ ಆಗಿದ್ದ ಈ ನಗರವು ಬೇಗನೆ ಚೇತರಿಸಿಕೊಂಡಿತು. 1880ರಲ್ಲಿ 5 ಲಕ್ಷವಿದ್ದ ಜನಸಂಖ್ಯೆಯು 1890ರ ಹೊತ್ತಿಗೆ 10 ಲಕ್ಷವನ್ನು ದಾಟಿತು.

ವ್ಯಾಪಾರ ಬೆಳೆದಂತೆ ಕಚೇರಿಗಳಿಗೆ ಸ್ಥಳದ ಬೇಡಿಕೆ ಹೆಚ್ಚಿತು. ಪೂರ್ವಕ್ಕೆ ಮಿಷಿಗನ್ ಸರೋವರ, ಉತ್ತರ ಮತ್ತು ಪಶ್ಚಿಮಕ್ಕೆ ಶಿಕಾಗೊ ನದಿ, ದಕ್ಷಿಣಕ್ಕೆ ರೈಲ್ವೆ ಅಂಗಳಗಳು ಇದ್ದುದರಿಂದ ವ್ಯಾಪಾರ ಕೇಂದ್ರವು ಅಡ್ಡಡ್ಡವಾಗಿ ಹರಡುವುದು ಕಷ್ಟವಾಗಿತ್ತು. ನೆಲದ ಬೆಲೆ ಏರಿತು. ಹಾಗಾಗಿ ಕಟ್ಟಡಗಳು ಮೇಲಕ್ಕೆ ಬೆಳೆಯತೊಡಗಿದವು. ಸುರಕ್ಷಿತವಾದ ಲಿಫ್ಟ್‌ಗಳು ಬಳಕೆಗೆ ಬಂದದ್ದರಿಂದ ಮೇಲಿನ ಅಂತಸ್ತುಗಳಿಗೂ ಬಾಡಿಗೆದಾರರು ದೊರೆಯುವಂತಾಯಿತು. ವಿಲಿಯಂ ಲೆ ಬ್ಯಾರನ್ ಜೆನ್ನಿಯವರ ವಿನ್ಯಾಸದ ಹೋಮ್ ಇನ್ಶೂರೆನ್ಸ್ ಕಟ್ಟಡವು 1885ರಲ್ಲಿ 10 ಅಂತಸ್ತುಗಳೊಂದಿಗೆ ಪೂರ್ಣಗೊಂಡು, ಲೋಹದ ಹಂದರದಿಂದ ಎತ್ತರವಾದ ಕಟ್ಟಡಗಳನ್ನು ನಿಲ್ಲಿಸಬಹುದೆಂಬುದನ್ನು ತೋರಿಸಿತು.

ಮಾಲೀಕರು ಮತ್ತು ವಾಸ್ತುಶಿಲ್ಪಿಗಳು

ಬ್ರೂಕ್ಸ್ ಸಹೋದರರು ಬಾಸ್ಟನ್ ನಗರದ ಸಿರಿವಂತ ಮನೆತನಕ್ಕೆ ಸೇರಿದವರು. ಅವರು ಶಿಕಾಗೊದ ಕಟ್ಟಡಗಳಲ್ಲಿ ಹಣ ಹೂಡಿದ್ದರು. ಅವರ ಪರವಾಗಿ ಶಿಕಾಗೊದಲ್ಲಿ ವ್ಯವಹಾರ ನೋಡಿಕೊಳ್ಳುತ್ತಿದ್ದವರು ವಕೀಲರಾದ ಓವೆನ್ ಆಲ್ಡಿಸ್. ಮಾಲೀಕರು ಒಂದು ಊರಿನಲ್ಲಿ, ಕಟ್ಟಡ ಇನ್ನೊಂದು ಊರಿನಲ್ಲಿ ಇದ್ದುದರಿಂದ ಪ್ರತಿಯೊಂದು ವಿಷಯವೂ ಪತ್ರಗಳ ಮೂಲಕ ಇತ್ಯರ್ಥವಾಗುತ್ತಿತ್ತು. ಮೊನಾಡ್‌ನಾಕ್‌ನ ರೂಪವು ಹೇಗೆ ಹುಟ್ಟಿತೆಂಬುದನ್ನು ಇತಿಹಾಸಕಾರರು ತಿಳಿದುಕೊಂಡದ್ದು ಬಹುಮಟ್ಟಿಗೆ ಈ ಪತ್ರವ್ಯವಹಾರದಿಂದ.

ಬ್ರೂಕ್ಸ್ ಸಹೋದರರಿಗಾಗಿ ಬರ್ನ್‌ಹ್ಯಾಮ್ ಮತ್ತು ರೂಟ್ ಸಂಸ್ಥೆಯು ಈ ಮೊದಲೇ 10 ಅಂತಸ್ತಿನ ಮಾಂಟಾಕ್ ಕಟ್ಟಡವನ್ನು (1882) ಮತ್ತು ರುಕರಿ ಕಟ್ಟಡವನ್ನು (1888) ನಿರ್ಮಿಸಿಕೊಟ್ಟಿತ್ತು. ಡೇನಿಯಲ್ ಬರ್ನ್‌ಹ್ಯಾಮ್ (1846–1912) ಮತ್ತು ಜಾನ್ ವೆಲ್‌ಬಾರ್ನ್ ರೂಟ್ (1850–1891) 1873ರಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದ್ದರು. ವ್ಯವಹಾರ, ಸಂಘಟನೆ ಮತ್ತು ಕಟ್ಟಡದ ಒಳಯೋಜನೆಯಲ್ಲಿ ಬರ್ನ್‌ಹ್ಯಾಮ್ ಸಮರ್ಥರು. ರೂಪಕಲ್ಪನೆಯಲ್ಲಿ ಮತ್ತು ರಚನಾ ಸಮಸ್ಯೆಗಳನ್ನು ಬಿಡಿಸುವುದರಲ್ಲಿ ರೂಟ್ ನಿಪುಣರು.

ಉತ್ತರ ಭಾಗದ ವಿನ್ಯಾಸ

1880ರ ದಶಕದ ಮಧ್ಯಭಾಗದಲ್ಲಿ ರೂಟ್ ಸಿದ್ಧಪಡಿಸಿದ ಆರಂಭಿಕ ನಕ್ಷೆಗಳಲ್ಲಿ ಈಜಿಪ್ಟ್ ಮಾದರಿಯ ಅಲಂಕಾರಗಳಿದ್ದವು. ಮಾಲೀಕ ಪೀಟರ್ ಬ್ರೂಕ್ಸ್ ಅವರಿಗೆ ಇವು ಒಪ್ಪಿಗೆಯಾಗಲಿಲ್ಲ. ಕಟ್ಟಡದ ಬಲವನ್ನು ಅದರ ಒಟ್ಟು ಆಕಾರವೇ ತೋರಿಸಬೇಕು, ಕೆತ್ತನೆಗಳಲ್ಲ ಎಂಬುದು ಅವರ ನಿಲುವಾಗಿತ್ತು. ಇದಕ್ಕೆ ತೀರ ಲೌಕಿಕವಾದ ಕಾರಣಗಳೂ ಇದ್ದವು. ಗೋಡೆಯಿಂದ ಹೊರಚಾಚಿದ ಅಲಂಕಾರಗಳ ಮೇಲೆ ಶಿಕಾಗೊದ ಕಲ್ಲಿದ್ದಲ ಮಸಿ ಕೂರುತ್ತದೆ, ಪಾರಿವಾಳಗಳು ಗೂಡು ಕಟ್ಟುತ್ತವೆ. ಅವುಗಳಿಂದ ಖರ್ಚು ಹೆಚ್ಚುತ್ತದೆಯೇ ಹೊರತು ಬಾಡಿಗೆ ಹೆಚ್ಚುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ರೂಟ್ ಅವರ ನಾದಿನಿಯೂ ಜೀವನಚರಿತ್ರೆಕಾರರೂ ಆದ ಹ್ಯಾರಿಯೆಟ್ ಮನ್ರೋ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಇವರೇ ಮುಂದೆ 1912ರಲ್ಲಿ ‘ಪೊಯಟ್ರಿ’ ಎಂಬ ಪ್ರಸಿದ್ಧ ಕಾವ್ಯಪತ್ರಿಕೆಯನ್ನು ಸ್ಥಾಪಿಸಿದರು. ಅವರ ನಿರೂಪಣೆಯಂತೆ, ರೂಟ್ ರಜೆಯ ಮೇಲೆ ಊರಿನಿಂದ ಹೊರಗಿದ್ದಾಗ ಬರ್ನ್‌ಹ್ಯಾಮ್ ಕಚೇರಿಯ ನಕ್ಷೆಗಾರರಿಂದ ಅಲಂಕಾರವೇ ಇಲ್ಲದ, ನೆಟ್ಟಗೆ ಮೇಲೇರುವ ಮುಂಭಾಗವೊಂದನ್ನು ಬರೆಸಿದರು. ಹಿಂದಿರುಗಿದ ರೂಟ್ ಮೊದಲಿಗೆ ಅಸಮಾಧಾನಗೊಂಡರು. ಬಳಿಕ ಅದೇ ಕಲ್ಪನೆಯನ್ನು ತಮ್ಮದಾಗಿಸಿಕೊಂಡು, ಈಜಿಪ್ಟಿನ ದೇವಾಲಯಗಳ ಇಳಿಜಾರು ದ್ವಾರಗೋಪುರವನ್ನು ನೆನಪಿಸುವ ರೂಪವನ್ನು ಅದಕ್ಕೆ ಕೊಟ್ಟರು. ಈಜಿಪ್ಟಿನ ಅಲಂಕಾರಗಳು ಹೋದವು. ಆದರೆ ಅಲ್ಲಿನ ಶಿಲ್ಪದ ಗಂಭೀರವಾದ ಬಾಹ್ಯರೇಖೆ ಉಳಿಯಿತು.

ಈಗ ಕಾಣುವ ಉತ್ತರ ಭಾಗವು ಕಪ್ಪುಮಿಶ್ರಿತ ನೇರಳೆ-ಕಂದು ಬಣ್ಣದ ಇಟ್ಟಿಗೆಯದು. ಮೊದಲ ಅಂತಸ್ತಿನ ಮೇಲ್ಭಾಗದಲ್ಲಿ ಗೋಡೆಯು ಮೃದುವಾಗಿ ಒಳಬಾಗಿ ಮೇಲೇರುತ್ತದೆ. ತುತ್ತತುದಿಯಲ್ಲಿ ಮತ್ತೆ ಹೊರಕ್ಕೆ ಬಾಗಿ ಮುಗಿಯುತ್ತದೆ. ಸಾಮಾನ್ಯವಾಗಿ ಆ ಕಾಲದ ಕಟ್ಟಡಗಳ ನೆತ್ತಿಯಲ್ಲಿ ಇರುತ್ತಿದ್ದ ಭಾರವಾದ ಕಪೋತ ಇಲ್ಲಿಲ್ಲ. ಕಟ್ಟಡದ ಮೂಲೆಗಳು ಕೆಳಗೆ ಚೂಪಾಗಿದ್ದು, ಮೇಲೆ ಹೋದಂತೆ ಕ್ರಮೇಣ ಅಗಲವಾಗಿ ಕತ್ತರಿಸಿದಂತೆ ಕಾಣುತ್ತವೆ. ಇಂತಹ ಬಾಗುಗಳಿಗಾಗಿ ವಿಶೇಷ ಅಚ್ಚುಗಳಲ್ಲಿ ಇಟ್ಟಿಗೆಗಳನ್ನು ತಯಾರಿಸಬೇಕಾಯಿತು. ನೋಡಲು ಸರಳವಾದ ಗೋಡೆಯ ಹಿಂದೆ ಇಂತಹ ಶ್ರಮ ಅಡಗಿದೆ.

ಗೋಡೆಯ ಸಮತಲದಿಂದ ಅಲೆಗಳಂತೆ ಹೊರಬರುವ ಚಾಚುಗಿಟಕಿಗಳು ಈ ಕಟ್ಟಡದ ಮತ್ತೊಂದು ಲಕ್ಷಣ. ಇವುಗಳಿಂದ ಕೋಣೆಗಳಿಗೆ ಹೆಚ್ಚಿನ ಬೆಳಕು ಬರುತ್ತದೆ. ಬೀದಿಯ ಮೇಲಿನ ಅವಕಾಶವನ್ನು ಬಳಸಿಕೊಂಡು ಕೋಣೆಯ ವಿಸ್ತೀರ್ಣವೂ ಸ್ವಲ್ಪ ಹೆಚ್ಚುತ್ತದೆ.

ರಚನೆ

ಗೋಡೆಗಳು

ಭಾರ ಹೊರುವ ಗೋಡೆಯಲ್ಲಿ ಮೇಲಿನ ಪ್ರತಿಯೊಂದು ಇಟ್ಟಿಗೆಯ ತೂಕವೂ ಕೆಳಗಿನ ಇಟ್ಟಿಗೆಗಳ ಮೇಲೆ ಬೀಳುತ್ತದೆ. ಆದುದರಿಂದ ಕಟ್ಟಡ ಎತ್ತರವಾದಷ್ಟೂ ಬುಡದ ಗೋಡೆ ದಪ್ಪವಾಗಲೇಬೇಕು. ಆ ಕಾಲದಲ್ಲಿ ಶಿಕಾಗೊದಲ್ಲಿ ಅನುಸರಿಸುತ್ತಿದ್ದ ಸಾಮಾನ್ಯ ಸೂತ್ರದಂತೆ ಒಂದು ಅಂತಸ್ತಿಗೆ 12 ಅಂಗುಲ ದಪ್ಪದ ಗೋಡೆ ಬೇಕು. ಅನಂತರದ ಪ್ರತಿಯೊಂದು ಅಂತಸ್ತಿಗೂ ಬುಡದಲ್ಲಿ 4 ಅಂಗುಲ ಸೇರಿಸಬೇಕು. ಈ ಲೆಕ್ಕದಲ್ಲಿ 16 ಅಂತಸ್ತಿನ ಕಟ್ಟಡಕ್ಕೆ 12 ಅಂಗುಲದ ಜೊತೆಗೆ 15 ಅಂತಸ್ತುಗಳ 60 ಅಂಗುಲ ಸೇರಿ ಒಟ್ಟು 72 ಅಂಗುಲ, ಅಂದರೆ 6 ಅಡಿಯಾಗುತ್ತದೆ.

ಇದರ ಪರಿಣಾಮವು ಕೇವಲ ತಾಂತ್ರಿಕವಾದುದಲ್ಲ. ಕಟ್ಟಡದ ಅಗಲ ಸುಮಾರು 20 ಮೀಟರ್ ಮಾತ್ರ. ಎರಡು ಬದಿಯ ಗೋಡೆಗಳು ತಲಾ 1.8 ಮೀಟರ್ ದಪ್ಪವಿದ್ದರೆ ಗೋಡೆಗಳಿರುವ ಕಡೆಯಲ್ಲಿ ಅಗಲದ ಆರನೆಯ ಒಂದು ಭಾಗಕ್ಕೂ ಹೆಚ್ಚನ್ನು ಅವೇ ನುಂಗುತ್ತವೆ. ಅದೂ ಬಾಡಿಗೆ ಹೆಚ್ಚಾಗಿ ಬರಬೇಕಾದ ನೆಲದ ಅಂತಸ್ತಿನಲ್ಲಿ. ಇನ್ನೂ ನಾಲ್ಕಾರು ಅಂತಸ್ತುಗಳನ್ನು ಸೇರಿಸಿದರೆ ಮೇಲೆ ದೊರೆಯುವ ಲಾಭವನ್ನು ಕೆಳಗಿನ ನಷ್ಟವು ತಿಂದುಹಾಕುತ್ತದೆ. ಇಟ್ಟಿಗೆಯ ಗೋಡೆಯ ಎತ್ತರಕ್ಕೆ ವಾಣಿಜ್ಯವು ಹಾಕಿದ ಎಲ್ಲೆ ಇದು.

ಇಟ್ಟಿಗೆ-ಕಲ್ಲುಗಳಿಂದ ಇದಕ್ಕಿಂತ ಎತ್ತರ ಕಟ್ಟುವುದೇ ಅಸಾಧ್ಯವೆಂದು ಭಾವಿಸಬಾರದು. 1901ರಲ್ಲಿ ಪೂರ್ಣಗೊಂಡ ಫಿಲಡೆಲ್ಫಿಯಾ ನಗರಸಭಾ ಭವನದ ಗೋಪುರವು 167 ಮೀಟರ್ ಎತ್ತರವಿದ್ದು, ಅದರ ಬುಡದ ಗೋಡೆಗಳು ಸುಮಾರು 22 ಅಡಿ ದಪ್ಪವಾಗಿವೆ. ಸಾರ್ವಜನಿಕ ವೈಭವಕ್ಕಾಗಿ ಕಟ್ಟಿದ ಗೋಪುರಕ್ಕೆ ಅದು ಸಲ್ಲುತ್ತದೆ. ಬಾಡಿಗೆಯಿಂದ ಬದುಕಬೇಕಾದ ಕಟ್ಟಡಕ್ಕೆ ಸಲ್ಲುವುದಿಲ್ಲ.

ಒಳಗಿನ ಲೋಹದ ಚೌಕಟ್ಟು

ಉತ್ತರ ಭಾಗವು ಸಂಪೂರ್ಣವಾಗಿ ಇಟ್ಟಿಗೆಯದೆಂಬ ಅಭಿಪ್ರಾಯವು ವ್ಯಾಪಕವಾಗಿದೆ. ವಾಸ್ತವದಲ್ಲಿ ಒಳಗಿನ ಅಂತಸ್ತುಗಳ ಭಾರವನ್ನು ಕಬ್ಬಿಣದ ಕಂಬಗಳು ಮತ್ತು ಲೋಹದ ತೊಲೆಗಳು ಹೊರುತ್ತವೆ. ಲೋಹದ ಭಾಗಗಳನ್ನು ಬೆಂಕಿಯಿಂದ ರಕ್ಷಿಸಲು ಸುಟ್ಟಮಣ್ಣಿನ ಟೊಳ್ಳು ಹೆಂಚುಗಳಿಂದ ಮುಚ್ಚಲಾಗಿದೆ. 1871ರ ದುರಂತದಲ್ಲಿ ಬಯಲಿನಲ್ಲಿದ್ದ ಕಬ್ಬಿಣವು ಕಾದು ಬಾಗಿ ಕುಸಿದುದನ್ನು ಕಂಡಿದ್ದ ನಗರಕ್ಕೆ ಇದು ಅತ್ಯಗತ್ಯವಾದ ಕ್ರಮವಾಗಿತ್ತು.

ಎತ್ತರವಾಗಿಯೂ ಕಿರಿದಾಗಿಯೂ ಇರುವ ಕಟ್ಟಡಕ್ಕೆ ಗಾಳಿಯ ಒತ್ತಡವು ದೊಡ್ಡ ಸಮಸ್ಯೆ. ಅಗಲವಾದ ಮುಖಕ್ಕೆ ಬಡಿಯುವ ಗಾಳಿಯು ಕಟ್ಟಡವನ್ನು ಪಕ್ಕಕ್ಕೆ ತಳ್ಳುತ್ತದೆ. ಇದನ್ನು ತಡೆಯಲು ಕಂಬಗಳ ನಡುವೆ ಕಬ್ಬಿಣದ ಅಡ್ಡಪಟ್ಟಿಗಳನ್ನು ರಿವೆಟ್ ಮಾಡಿ, ಬಾಗಿಲಿನ ಚೌಕಟ್ಟಿನಂತೆ ಬಿಗಿಯಾದ ಕಟ್ಟುಗಳನ್ನು ರಚಿಸಲಾಯಿತು. ಸೇತುವೆಗಳ ನಿರ್ಮಾಣದಲ್ಲಿ ರೂಢಿಯಲ್ಲಿದ್ದ ಈ ವಿಧಾನವನ್ನು ಅಮೆರಿಕದ ಕಟ್ಟಡವೊಂದರಲ್ಲಿ ಬಳಸಿದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಹೀಗೆ ಹಳೆಯ ಪದ್ಧತಿಯ ಗೋಡೆಯ ಒಳಗೇ ಮುಂದಿನ ಯುಗದ ತಂತ್ರವು ಕೆಲಸ ಮಾಡುತ್ತಿದೆ.

ಅಡಿಪಾಯ

ಶಿಕಾಗೊ ನಗರದ ಕೆಳಗಿರುವುದು ಬಹುಪಾಲು ಮೆತ್ತನೆಯ ಜೇಡಿಮಣ್ಣು. ಗಟ್ಟಿ ಬಂಡೆಯು ಬಹಳ ಆಳದಲ್ಲಿದೆ. ಆ ಕಾಲದ ಸಾಮಾನ್ಯ ಅಡಿಪಾಯಗಳು ಅಲ್ಲಿಯವರೆಗೆ ಇಳಿಯುತ್ತಿರಲಿಲ್ಲ. ಆದ್ದರಿಂದ ಕಾಂಕ್ರೀಟಿನಲ್ಲಿ ಉಕ್ಕಿನ ತೊಲೆಗಳನ್ನು ಅಡ್ಡಡ್ಡವಾಗಿ ಹುದುಗಿಸಿದ ಅಗಲವಾದ ಹಾಸುಗಳ ಮೇಲೆ ಕಟ್ಟಡವನ್ನು ನಿಲ್ಲಿಸಲಾಯಿತು. ಮಾಂಟಾಕ್ ಕಟ್ಟಡಕ್ಕಾಗಿ ರೂಟ್ ರೂಪಿಸಿದ್ದ ವಿಧಾನದ ಬೆಳವಣಿಗೆ ಇದು. ಕೆಸರುಗದ್ದೆಯಲ್ಲಿ ಹಲಗೆ ಹಾಸಿ ನಡೆದರೆ ಕಾಲು ಹೂಳುವುದು ಕಡಿಮೆಯಾಗುವಂತೆ, ಭಾರವು ಹೆಚ್ಚು ವಿಸ್ತಾರಕ್ಕೆ ಹಂಚಿಹೋದಾಗ ಮಣ್ಣಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಈ ಹಾಸುಗಳು ಕಟ್ಟಡದ ಅಂಚನ್ನು ದಾಟಿ ಸುತ್ತಲಿನ ಬೀದಿಗಳ ಕೆಳಕ್ಕೂ ಚಾಚಿವೆ. ಇಂತಹ ಅಡಿಪಾಯವನ್ನು ತೇಲು ಅಡಿಪಾಯ ಎನ್ನುತ್ತಾರೆ.

ಕಟ್ಟಡವು ಕುಸಿಯುತ್ತದೆಂಬುದು ಕಟ್ಟಿದವರಿಗೆ ತಿಳಿದೇ ಇತ್ತು. ಅದು ಸುಮಾರು 8 ಅಂಗುಲ ಇಳಿಯಬಹುದೆಂದು ಅಂದಾಜಿಸಿ, ಅದಕ್ಕೆ ತಕ್ಕಂತೆ ಯೋಜಿಸಿದ್ದರು. ಆದರೆ ಇಟ್ಟಿಗೆಯ ಅಪಾರ ತೂಕವು ಅಂದಾಜನ್ನು ಮೀರಿತು. 20ನೆಯ ಶತಮಾನದ ನಡುವಿನ ಹೊತ್ತಿಗೆ ಉತ್ತರ ಭಾಗವು ಸುಮಾರು 20 ಅಂಗುಲ, ಅಂದರೆ ಅರ್ಧ ಮೀಟರಿನಷ್ಟು ಕೆಳಗಿಳಿದಿತ್ತು. ಕಟ್ಟಡದೊಳಕ್ಕೆ ಹೋಗಲು ಕಾಲುದಾರಿಯಿಂದ ಮೆಟ್ಟಿಲು ಇಳಿಯಬೇಕಾದ ಸ್ಥಿತಿ ಉಂಟಾದದ್ದು ಹೀಗೆ. ಇಷ್ಟಾದರೂ ಅದು ನೆಟ್ಟಗೆ ಇಳಿದುದರಿಂದ ಕಟ್ಟಡಕ್ಕೆ ಅಪಾಯವಾಗಲಿಲ್ಲ.

ಒಳಾಂಗಣ

ವಿದ್ಯುದ್ದೀಪಗಳು ಇನ್ನೂ ಹೊಸದಾಗಿದ್ದ ಕಾಲದಲ್ಲಿ ಕಚೇರಿಗೆ ಹಗಲಿನ ಬೆಳಕೇ ಮುಖ್ಯ. ಮೊನಾಡ್‌ನಾಕ್‌ನ ನಿವೇಶನವು ಉದ್ದವಾಗಿಯೂ ಕಿರಿದಾಗಿಯೂ ಇದ್ದುದು ಇದಕ್ಕೆ ಅನುಕೂಲವಾಯಿತು. ಪ್ರತಿ ಅಂತಸ್ತಿನಲ್ಲಿಯೂ ನಡುವೆ ಒಂದು ಉದ್ದನೆಯ ಓಣಿ, ಅದರ ಎರಡೂ ಬದಿಗೆ ಕಚೇರಿಗಳು. ಹೀಗಾಗಿ ಪ್ರತಿಯೊಂದು ಕಚೇರಿಗೂ ಹೊರಗಿನ ಕಿಟಕಿ ದೊರೆಯಿತು. ಕಚೇರಿ ಮತ್ತು ಓಣಿಯ ನಡುವಿನ ತಡಿಕೆಗಳಿಗೆ ಪಾರದರ್ಶಕವಲ್ಲದ, ಆದರೆ ಬೆಳಕನ್ನು ಹಾಯಿಸುವ ಗರಿಗೆರೆಯ ಗಾಜನ್ನು ಅಳವಡಿಸಲಾಯಿತು. ಕಿಟಕಿಯಿಂದ ಬಂದ ಬೆಳಕು ಕಚೇರಿಯನ್ನು ದಾಟಿ ಓಣಿಯನ್ನೂ ಬೆಳಗುತ್ತಿತ್ತು. ಒಳಗಿರುವವರ ಖಾಸಗಿತನಕ್ಕೂ ಭಂಗವಾಗುತ್ತಿರಲಿಲ್ಲ. ಮೇಲ್ಛಾವಣಿಯ ಗಾಜಿನಿಂದ ಇಳಿದ ಬೆಳಕು ತೆರೆದ ಮೆಟ್ಟಿಲುಗಳ ಸಂದಿನಲ್ಲಿ ಕೆಳಗಿನ ಅಂತಸ್ತುಗಳಿಗೆ ತಲುಪುತ್ತಿತ್ತು.

ಹೊರಗೆ ಅಲಂಕಾರವನ್ನು ಬಿಟ್ಟುಕೊಟ್ಟ ಕಟ್ಟಡವು ಒಳಗೆ ಅದನ್ನು ಕೈಬಿಡಲಿಲ್ಲ. ಓಣಿಗಳ ಗೋಡೆಯ ಕೆಳಭಾಗಕ್ಕೆ ಬಿಳಿಯ ಅಮೃತಶಿಲೆ, ನೆಲಕ್ಕೆ ಮೊಸಾಯಿಕ್, ಬಾಗಿಲು-ಚೌಕಟ್ಟುಗಳಿಗೆ ಓಕ್ ಮರ ಬಳಕೆಯಾದವು. ಮೆಟ್ಟಿಲುಗಳ ಅಲಂಕೃತ ಭಾಗಗಳಲ್ಲಿ ಅಲ್ಯೂಮಿನಿಯಂ ಎರಕವನ್ನು ಬಳಸಿದ್ದು ವಿಶೇಷವಾಗಿ ಗಮನಾರ್ಹ. ವಿದ್ಯುತ್ತಿನ ಸಹಾಯದಿಂದ ಅಲ್ಯೂಮಿನಿಯಮ್ಮನ್ನು ಅಗ್ಗವಾಗಿ ತೆಗೆಯುವ ವಿಧಾನವು ಕಂಡುಬಂದದ್ದು 1886ರಲ್ಲಿ. ಅದಕ್ಕೂ ಮುನ್ನ ಅದು ಅಪರೂಪದ ದುಬಾರಿ ಲೋಹವಾಗಿತ್ತು. ಕಟ್ಟಡ ನಿರ್ಮಾಣದಲ್ಲಿ ಈ ಲೋಹದ ಅತ್ಯಂತ ಮೊದಲ ಬಳಕೆಗಳಲ್ಲಿ ಮೊನಾಡ್‌ನಾಕ್‌ನದನ್ನು ಎಣಿಸಲಾಗುತ್ತದೆ.

ದಕ್ಷಿಣ ಭಾಗ

1891ರ ಜನವರಿ 15ರಂದು ರೂಟ್ ನ್ಯುಮೋನಿಯಾ ಕಾಯಿಲೆಯಿಂದ ನಿಧನರಾದರು. ಆಗ ಅವರ ವಯಸ್ಸು 41. ತಾವು ರೂಪಿಸಿದ ಕಟ್ಟಡವು ಪೂರ್ಣಗೊಂಡುದನ್ನು ಅವರು ಕಾಣಲಿಲ್ಲ. 1893ರಲ್ಲಿ ನಡೆಯಬೇಕಿದ್ದ ವಿಶ್ವ ಕೊಲಂಬಿಯನ್ ಪ್ರದರ್ಶನದ ನಿರ್ಮಾಣ ಕಾರ್ಯದ ಹೊಣೆಯು ಬರ್ನ್‌ಹ್ಯಾಮ್ ಅವರ ಮೇಲಿತ್ತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನವು ಇದೇ ಪ್ರದರ್ಶನದ ಅಂಗವಾಗಿ ನಡೆದುದು. ಸಮ್ಮೇಳನ ಸೇರಿದ ಭವನವು (ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್) ಮೊನಾಡ್‌ನಾಕ್‌ನಿಂದ ಕೆಲವೇ ಬೀದಿಗಳ ಅಂತರದಲ್ಲಿದೆ.

ದಕ್ಷಿಣ ಭಾಗದ ಕೆಲಸವನ್ನು ವಿಲಿಯಂ ಹೊಲಾಬರ್ಡ್ ಮತ್ತು ಮಾರ್ಟಿನ್ ರೋಶ್ ಅವರಿಗೆ ವಹಿಸಲಾಯಿತು. ಅವರು ಟಕೋಮಾ ಕಟ್ಟಡದ (1889) ಮೂಲಕ ಹಂದರ ಪದ್ಧತಿಯಲ್ಲಿ ಹೆಸರು ಗಳಿಸಿದ್ದರು. ಹೊಸ ಭಾಗವು ಹಳೆಯದರ ಬಣ್ಣ, ಎತ್ತರ ಮತ್ತು ಚಾಚುಗಿಟಕಿಗಳ ಲಯವನ್ನು ಮುಂದುವರಿಸಿತು. ಆದರೆ ಇದರಲ್ಲಿ ಭಾರವನ್ನು ಹೊರುವುದು ಉಕ್ಕಿನ ಹಂದರ. ಇಟ್ಟಿಗೆ ಮತ್ತು ಟೆರಾಕೋಟಾ ಅದರ ಹೊದಿಕೆಗಳು. ಗೋಡೆಗಳು ತೆಳುವಾದುದರಿಂದ ಕಿಟಕಿಗಳು ಅಗಲವಾದವು, ಬಾಡಿಗೆಗೆ ದೊರೆಯುವ ಸ್ಥಳವು ಹೆಚ್ಚಿತು, ತೂಕವೂ ವೆಚ್ಚವೂ ಇಳಿದವು.

ಕುತೂಹಲದ ಸಂಗತಿಯೆಂದರೆ, ರಚನೆಯಲ್ಲಿ ಹೊಸದಾದ ದಕ್ಷಿಣ ಭಾಗವು ರೂಪದಲ್ಲಿ ಹೆಚ್ಚು ಸಾಂಪ್ರದಾಯಿಕವಾಗಿದೆ. ಅದಕ್ಕೆ ಅಲಂಕೃತ ಪ್ರವೇಶದ್ವಾರಗಳೂ, ನೆತ್ತಿಯಲ್ಲಿ ಕಪೋತವೂ ಇವೆ. ರಚನೆಯಲ್ಲಿ ಹಳೆಯದಾದ ಉತ್ತರ ಭಾಗವೇ ರೂಪದಲ್ಲಿ ಮುಂದಿನ ಶತಮಾನದ್ದೆಂಬಂತೆ ಕಾಣುತ್ತದೆ. ಡಿಯರ್‌ಬಾರ್ನ್ ಬೀದಿಯ ಎದುರುಬದಿಯಲ್ಲಿ ನಿಂತು ನೋಡಿದರೆ ಎರಡು ಭಾಗಗಳು ಕೂಡುವ ಸ್ಥಳವನ್ನು ಸುಲಭವಾಗಿ ಗುರುತಿಸಬಹುದು. ಕಿಟಕಿಯ ಆಳವನ್ನು ಗಮನಿಸಿದರೆ ಸಾಕು: ಉತ್ತರದಲ್ಲಿ ಕೆಳಗಿನ ಕಿಟಕಿಗಳು ಗೋಡೆಯೊಳಗೆ ಹುದುಗಿವೆ, ದಕ್ಷಿಣದಲ್ಲಿ ಗೋಡೆಯ ಮೇಲ್ಮೈಗೆ ಸಮೀಪವಾಗಿವೆ.

ಬಳಕೆ ಮತ್ತು ಏಳುಬೀಳುಗಳು

ಪೂರ್ಣಗೊಂಡಾಗ ಮೊನಾಡ್‌ನಾಕ್ ಜಗತ್ತಿನ ಅತ್ಯಂತ ದೊಡ್ಡ ಕಚೇರಿ ಕಟ್ಟಡವೆನಿಸಿತ್ತು. ಸುಮಾರು 1,200 ಕೋಣೆಗಳಿದ್ದ ಅದರಲ್ಲಿ 6,000ಕ್ಕೂ ಹೆಚ್ಚು ಜನ ಕೆಲಸ ಮಾಡಬಹುದಾಗಿತ್ತು. ಒಂದು ಸಣ್ಣ ಪಟ್ಟಣದ ಜನಸಂಖ್ಯೆಗೆ ಸಮನಾದ ಈ ಕಟ್ಟಡಕ್ಕೆ ಅಂಚೆ ಹಂಚಲೆಂದೇ ಪ್ರತ್ಯೇಕ ಅಂಚೆಯವರಿದ್ದರು. ರೈಲ್ವೆ ಕಂಪನಿಗಳು, ವಕೀಲರು, ವಿಮೆ ಮತ್ತು ವ್ಯಾಪಾರ ಸಂಸ್ಥೆಗಳು ಇಲ್ಲಿ ಬಾಡಿಗೆಗಿದ್ದವು. ಅಲಂಕಾರಕ್ಕೆ ಹಣ ವ್ಯಯಿಸದ ಮಾಲೀಕರ ಹೂಡಿಕೆಯು ಹಲವು ದಶಕಗಳ ಕಾಲ ಒಳ್ಳೆಯ ಪ್ರತಿಫಲ ನೀಡಿತು.

1920ರ ದಶಕದಲ್ಲಿ ಎದ್ದ ಹೊಸ ಗಗನಚುಂಬಿಗಳು ಮತ್ತು 1929ರ ನಂತರದ ಆರ್ಥಿಕ ಮಹಾಕುಸಿತವು ಹಳೆಯ ಕಚೇರಿ ಕಟ್ಟಡಗಳನ್ನು ಕಷ್ಟಕ್ಕೆ ಸಿಲುಕಿಸಿದವು. 1938ರಲ್ಲಿ ಸ್ಕಿಡ್‌ಮೋರ್ ಮತ್ತು ಓವಿಂಗ್ಸ್ ಸಂಸ್ಥೆಯ ಮೂಲಕ ಕಟ್ಟಡವನ್ನು ಆಧುನಿಕಗೊಳಿಸಲಾಯಿತು. ಬಾಡಿಗೆದಾರರನ್ನು ಉಳಿಸಿಕೊಳ್ಳುವ ಉದ್ದೇಶದಿಂದ ಮಾಡಿದ ಈ ಕೆಲಸದಲ್ಲಿ ಮೊಸಾಯಿಕ್ ನೆಲದ ಮೇಲೆ ರಬ್ಬರ್ ಹಾಸು ಬಿದ್ದಿತು; ಹಳೆಯ ಅಮೃತಶಿಲೆ ಮತ್ತು ಮರದ ಕೆಲಸವು ಮರೆಯಾಯಿತು; ತೆರೆದ ಮೆಟ್ಟಿಲುಗಳನ್ನು ಮುಚ್ಚಲಾಯಿತು. ಕಟ್ಟಡವು ಉಳಿಯಿತು, ಆದರೆ ಅದರ ಒಳಗಿನ ಬೆಳಕಿನ ಕ್ರಮವು ಅಳಿಯಿತು. 1966ರಲ್ಲಿ ಕಟ್ಟಡವು ಮೂಲ ಮಾಲೀಕರ ವಾರಸುದಾರಿಕೆಯಿಂದ ಬೇರೆಯವರ ಕೈಗೆ ಹೋಯಿತು.

ಉಳಿದ ಕಟ್ಟಡ, ಅಳಿದ ಸಂಗಾತಿಗಳು

ಮೊನಾಡ್‌ನಾಕ್ ಉಳಿದುದರ ಬೆಲೆಯನ್ನು ತಿಳಿಯಬೇಕಾದರೆ ಅದರ ಸಮಕಾಲೀನ ಕಟ್ಟಡಗಳಿಗೆ ಏನಾಯಿತೆಂಬುದನ್ನು ನೋಡಬೇಕು. ಬ್ರೂಕ್ಸ್ ಸಹೋದರರ ಮಾಂಟಾಕ್ ಕಟ್ಟಡವನ್ನು 1902ರಲ್ಲಿಯೇ ಕೆಡವಲಾಯಿತು. ಟಕೋಮಾ ಕಟ್ಟಡವು 1929ರಲ್ಲಿ, ಹೋಮ್ ಇನ್ಶೂರೆನ್ಸ್ ಕಟ್ಟಡವು 1931ರಲ್ಲಿ, ಬರ್ನ್‌ಹ್ಯಾಮ್ ಮತ್ತು ರೂಟ್ ಅವರ ಮೇಸಾನಿಕ್ ಟೆಂಪಲ್ 1939ರಲ್ಲಿ ನೆಲಸಮವಾದವು. ಆಡ್ಲರ್ ಮತ್ತು ಸಲಿವನ್ ಅವರ ಶಿಕಾಗೊ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡವನ್ನು 1972ರಲ್ಲಿ ಕೆಡವುತ್ತಿದ್ದಾಗ, ಅದರ ಅಲಂಕಾರಗಳನ್ನು ದಾಖಲಿಸಿ ರಕ್ಷಿಸಲು ಒಳಹೊಕ್ಕಿದ್ದ ಛಾಯಾಗ್ರಾಹಕ ರಿಚರ್ಡ್ ನಿಕಲ್ ಕುಸಿತಕ್ಕೆ ಸಿಲುಕಿ ಮೃತಪಟ್ಟರು. ಮೊನಾಡ್‌ನಾಕ್‌ನ ಎದುರಿಗಿದ್ದ ಗುಮ್ಮಟದ ಫೆಡರಲ್ ಕಟ್ಟಡವೂ (1905) 1960ರ ದಶಕದಲ್ಲಿ ಹೋಯಿತು. ಆ ಪರಿಸರದಲ್ಲಿ ಈಗ ಮೀಸ್ ವಾನ್ ಡೆರ್ ರೋ ಅವರ ಉಕ್ಕು-ಗಾಜಿನ ಫೆಡರಲ್ ಸೆಂಟರ್ ನಿಂತಿದೆ.

ಇಂತಹ ನಷ್ಟಗಳಿಂದಾಗಿ ನಗರದ ಹಳೆಯ ವಾಣಿಜ್ಯ ಕಟ್ಟಡಗಳೂ ಚರಿತ್ರೆಯ ದಾಖಲೆಗಳೆಂಬ ಅರಿವು ಬೆಳೆಯಿತು. ಮೊನಾಡ್‌ನಾಕ್ 1970ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 1973ರಲ್ಲಿ ಶಿಕಾಗೊ ನಗರದ ಸಂರಕ್ಷಿತ ಕಟ್ಟಡವಾಯಿತು. 1976ರಲ್ಲಿ ಮ್ಯಾನ್‌ಹಟನ್, ಓಲ್ಡ್ ಕಾಲನಿ ಮತ್ತು ಫಿಶರ್ ಕಟ್ಟಡಗಳೊಂದಿಗೆ ಇದನ್ನು ಒಳಗೊಂಡ ದಕ್ಷಿಣ ಡಿಯರ್‌ಬಾರ್ನ್ ಬೀದಿಯ ಪ್ರದೇಶವು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಗಿ ಘೋಷಿತವಾಯಿತು.

ಜೀರ್ಣೋದ್ಧಾರ

ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡದ ಸ್ಥಿತಿ ಸುಧಾರಿಸಲಿಲ್ಲ. 1970ರ ದಶಕದ ಕೊನೆಯಲ್ಲಿ ಅದು ಬಾಡಿಗೆದಾರರಿಲ್ಲದೆ ಸೊರಗಿತ್ತು. 1979ರಲ್ಲಿ ವಿಲಿಯಂ ಡಾನೆಲ್ ಮತ್ತು ಅವರ ಪಾಲುದಾರರು ಕಟ್ಟಡವನ್ನು ಕೊಂಡು, ಒಮ್ಮೆಗೇ ದೊಡ್ಡ ಮೊತ್ತವನ್ನು ಸುರಿಯದೆ, ಬಾಡಿಗೆಯ ಆದಾಯ ಬಂದಂತೆ ಹಂತಹಂತವಾಗಿ ದುರಸ್ತಿ ಮಾಡುವ ಕ್ರಮವನ್ನು ಅನುಸರಿಸಿದರು. ಹಳೆಯ ಛಾಯಾಚಿತ್ರಗಳು ಮತ್ತು ಉಳಿದಿದ್ದ ಮೂಲ ತುಣುಕುಗಳನ್ನು ಆಧರಿಸಿ ಮೊಸಾಯಿಕ್ ನೆಲ, ಗಾಜಿನ ತಡಿಕೆ, ಮರದ ಚೌಕಟ್ಟು, ದೀಪ ಹಾಗೂ ಅಂಗಡಿಗಳ ಮುಂಭಾಗಗಳನ್ನು ಮತ್ತೆ ರೂಪಿಸಲಾಯಿತು. ಮುಚ್ಚಿಹೋಗಿದ್ದ ಮೆಟ್ಟಿಲುಗಳು ಮತ್ತೆ ತೆರೆದುಕೊಂಡವು. ಒಂದು ದಶಕಕ್ಕೂ ಹೆಚ್ಚು ಕಾಲ ನಡೆದ ಈ ಕಾರ್ಯವು ಅಮೆರಿಕದ ಬಹುಮಹಡಿ ಕಟ್ಟಡಗಳ ಜೀರ್ಣೋದ್ಧಾರಗಳಲ್ಲಿ ಅತ್ಯಂತ ಸಮಗ್ರವಾದವುಗಳಲ್ಲಿ ಒಂದೆಂದು ಹೆಸರಾಗಿದೆ.

ಕಟ್ಟಡವನ್ನು ವಸ್ತುಸಂಗ್ರಹಾಲಯವಾಗಿ ಪರಿವರ್ತಿಸದೆ ಮೂಲ ಉದ್ದೇಶಕ್ಕೇ ಉಳಿಸಿಕೊಂಡಿರುವುದು ಇಲ್ಲಿನ ಸಂರಕ್ಷಣೆಯ ಮುಖ್ಯ ಅಂಶ. 1891ರಲ್ಲಿ ಬೆಳಕಿಗಾಗಿ ಯೋಜಿಸಿದ ಸಣ್ಣ ಸಣ್ಣ ಕಚೇರಿ ಕೋಣೆಗಳು ಇಂದಿನ ಸ್ವತಂತ್ರ ವೃತ್ತಿನಿರತರಿಗೂ ಸಣ್ಣ ಸಂಸ್ಥೆಗಳಿಗೂ ಹೊಂದುತ್ತವೆ. ನೆಲದ ಅಂತಸ್ತಿನಲ್ಲಿ ಅಂಗಡಿಗಳು ನಡೆಯುತ್ತಿವೆ. ಜಾಕ್ಸನ್ ಬೀದಿಯಿಂದ ಒಳಹೊಕ್ಕವರು ಕಟ್ಟಡದ ಉದ್ದಕ್ಕೂ ಸಾಗುವ ಓಣಿಯಲ್ಲಿ ನಡೆದು ದಕ್ಷಿಣದ ತುದಿಯನ್ನು ತಲುಪಬಹುದು.

ಮಹತ್ವ

ಲೂಯಿ ಸಲಿವನ್ ಮೊದಲಾದ ಸಮಕಾಲೀನ ವಾಸ್ತುಶಿಲ್ಪಿಗಳು ಉತ್ತರ ಭಾಗವನ್ನು ಬಹುವಾಗಿ ಮೆಚ್ಚಿದರು. ಅಲಂಕಾರವಿಲ್ಲದ ಅದರ ಗೋಡೆಯು ಒರಟಾಗಿದೆಯೆಂದು ಟೀಕಿಸಿದವರೂ ಇದ್ದರು. 20ನೆಯ ಶತಮಾನದ ಆಧುನಿಕ ವಾಸ್ತುಶಿಲ್ಪದ ಪ್ರತಿಪಾದಕರು ಅದೇ ಗುಣಕ್ಕಾಗಿ ಅದನ್ನು ತಮ್ಮ ಪೂರ್ವಸೂರಿಯೆಂದು ಗೌರವಿಸಿದರು. ಆದರೆ ಅವರು ಆದರ್ಶವಾಗಿ ಕಂಡ ಸರಳತೆಯು ಮೊದಲಿಗೆ ಒಬ್ಬ ಮಾಲೀಕನ ಮಿತವ್ಯಯದಿಂದ ಬಂದುದೆಂಬುದನ್ನು ಮರೆಯುವಂತಿಲ್ಲ. ಕಲಾವಿದನು ಆ ನಿರ್ಬಂಧವನ್ನು ಒಪ್ಪಿಕೊಂಡು, ಇಟ್ಟಿಗೆಯ ಬಾಗು ಮತ್ತು ಪ್ರಮಾಣಗಳಲ್ಲಿಯೇ ಸೌಂದರ್ಯವನ್ನು ಸಾಧಿಸಿದನು.

ನಗರಗಳ ಚರಿತ್ರೆಯನ್ನು ಅರಮನೆ, ಕೋಟೆ ಮತ್ತು ದೇವಾಲಯಗಳ ಮೂಲಕ ಓದುವುದು ರೂಢಿ. ಬಾಡಿಗೆಯ ಕಚೇರಿ ಕಟ್ಟಡವೊಂದು ಅಷ್ಟೇ ಸ್ಪಷ್ಟವಾದ ದಾಖಲೆಯಾಗಬಲ್ಲದೆಂಬುದಕ್ಕೆ ಮೊನಾಡ್‌ನಾಕ್ ನಿದರ್ಶನವಾಗಿದೆ. ನೆಲದ ಬೆಲೆ, ಮಣ್ಣಿನ ಗುಣ, ಬೆಂಕಿಯ ಭಯ, ಹಗಲಿನ ಬೆಳಕು, ಲೋಹದ ಲಭ್ಯತೆ ಇವೆಲ್ಲವೂ ಅದರ ಗೋಡೆ, ಅಡಿಪಾಯ ಮತ್ತು ಓಣಿಗಳಲ್ಲಿ ಗುರುತು ಬಿಟ್ಟಿವೆ.